ನಾನೂರ ಹನ್ನೆರಡನೆಯ ಬಳ್ಳಿ

ಉಸಾಂಬರಾ ಬೆಟ್ಟ, ಟಾಂಗನ್ಯೀಕಾ
೧೭ ಜನವರಿ ೧೯೬೩

ಮ್ವಾಜುಮಾಳ ಅಪ್ಪನಿಗೆ ಹಿದಾಯಾಳ ಸಲಾಮು.

ಹೇಗಿದ್ದೀರಿ? ಕೆಮ್ಮು ಹೋಯಿತೇ? ಹೋದ ಕಾಗದದಲ್ಲಿ ಕೆಮ್ಮಿನ ಸುದ್ದಿಯನ್ನು ಒಂದೇ ಸಾಲಿನಲ್ಲಿ ತೇಲಿಸಿ, ಎಲೆಯ ನರಗಳ ಬಗ್ಗೆ ಎರಡು ಪುಟ ಬರೆದಿದ್ದೀರಿ. ನರಗಳು ಕ್ಷೇಮವಾಗಿವೆ ಎಂದು ತಿಳಿಯಿತು, ನಿಮ್ಮ ಎದೆಯ ವಿಷಯ ತಿಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಈ ಸಲ ಹಿಂದೆಂದೂ ಬೀಳದಷ್ಟು ಹಿಮ ಬಿದ್ದಿದೆಯೆಂದು ಅಂಗಡಿಯ ರೇಡಿಯೋ ಹೇಳಿತಂತೆ. ಅದನ್ನು ಕೇಳಿದ ದಿನದಿಂದ ಅತ್ತೆಗೆ ನಿದ್ದೆಯಿಲ್ಲ. "ಅವನಿಗೊಂದು ಲೋಟ ಶುಂಠಿ ಚಹಾ ಮಾಡಿಕೊಡೋರು ಯಾರೂ ಇಲ್ವಾ ಆ ಊರಲ್ಲಿ? ಅಷ್ಟು ದೊಡ್ಡ ಊರಂತೆ" ಎಂದು ನನ್ನನ್ನು ಕೇಳುತ್ತಾರೆ, ಊರನ್ನು ನಾನೇ ಕಟ್ಟಿಸಿದವಳ ಹಾಗೆ. ಉಣ್ಣೆಯ ಅಂಗಿಯನ್ನು ಒಳಗೆ ಹಾಕಿಕೊಳ್ಳಿ, ಮೇಲಲ್ಲ. ಚೆಂದ ಕಾಣಬೇಕಾದದ್ದು ಅಲ್ಲಿ ಯಾರ ಕಣ್ಣಿಗೂ ಅಲ್ಲ.

ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯ ಮೊಣಕಾಲು ಮಂಜು ಕವಿದಾಗ ಹಿಡಿಯುತ್ತದೆ, ಬಿಸಿಲು ಬಂದರೆ ಬಿಡುತ್ತದೆ. ಬಾಯಿ ಮಾತ್ರ ಯಾವ ಹವೆಗೂ ಹಿಡಿಯುವುದಿಲ್ಲ. ಹುರುಳಿಕಾಯಿ ಚೆನ್ನಾಗಿ ಬಂದಿದೆ, ಬಾಳೆಯ ಎರಡು ಗೊನೆ ಮಂಗಗಳ ಪಾಲಾಯಿತು. ನಿಮ್ಮ ಮಗಳಿಗೆ ಮೂರು ವರ್ಷ ತುಂಬಿ ನಾಲ್ಕು ತಿಂಗಳಾಯಿತು. ಅವಳ ಹೊಸ ಆಟ ಏನು ಗೊತ್ತೇ? ಹುರುಳಿ ಎಲೆಗಳನ್ನು ಹಳೆಯ ಪತ್ರಿಕೆಯಲ್ಲಿ ಮಡಿಸಿ ಅಜ್ಜಿಯ ಹಾಸಿಗೆಯ ಕೆಳಗೆ ತುರುಕುತ್ತಾಳೆ. ಬೆಳಿಗ್ಗೆ ಅತ್ತೆ ಏಳಲು ಹೋದರೆ, "ಅಜ್ಜಿ, ಏಳ್ಬೇಡ, ಇನ್ನೂ ಒಣಗಿಲ್ಲ" ಎಂದು ಎದೆಯ ಮೇಲೆ ಕೈಯಿಟ್ಟು ಮಲಗಿಸುತ್ತಾಳೆ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ. ರಕ್ತ ಎಲ್ಲಿ ಹೋಗುತ್ತದೆ? ಆದರೆ ಇನ್ನೊಂದು ಮಾತನ್ನೂ ಬರೆಯಬೇಕು. ಹೋದ ಶುಕ್ರವಾರ ಬಸ್ಸಿನಿಂದ ಅಂಚೆ ಚೀಲ ಇಳಿಸುತ್ತಿದ್ದವನ ಮುಂದೆ ನಿಂತು, "ನಮ್ಮಪ್ಪನ್ನ ತಂದ್ಯಾ?" ಎಂದು ಕೇಳಿದಳು. ಅವನು ಚೀಲ ತಡಕಿ, "ಈ ವಾರ ಇಲ್ಲ ಕಣಮ್ಮ" ಅಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಮನೆಗೆ ಬರುವ ದಾರಿಯಲ್ಲಿ ಅತ್ತುಬಿಟ್ಟೆ.

ನಿಮ್ಮ ಹಳೆಯ ಕಾಡುಕೋಟನ್ನು ನಾನೇ ತೊಡುತ್ತಿದ್ದೇನೆ. ಮೊದಲು ಅದರಲ್ಲಿ ನಿಮ್ಮ ವಾಸನೆಯಿತ್ತು, ಹೊಗೆಸೊಪ್ಪು ಮತ್ತು ಅಂಟಿನದು. ಎರಡು ವರ್ಷ ತೊಟ್ಟು ತೊಟ್ಟು ಈಗ ಅದಕ್ಕೆ ನನ್ನ ವಾಸನೆಯೇ ಬಂದುಬಿಟ್ಟಿದೆ. ಮುಟ್ಟದೆ ಗೂಟದಲ್ಲೇ ಬಿಡಬೇಕಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನೀವಿಲ್ಲದೆ ನನಗೆ ಸಾಕಾಗಿದೆ. ಹೇಗೆ ಸುತ್ತಿ ಹೇಳಿದರೂ ಅದೇ ಮಾತಾದ್ದರಿಂದ ಸುತ್ತುವುದಿಲ್ಲ.

ಇನ್ನು ನಿಮ್ಮ ನಾನೂರ ಹನ್ನೆರಡರ ಸಂಗತಿ. ಇಲ್ಲಿಂದ ನೀವು ಒಣಗಿಸಿ ಅಂಟಿಸಿಕೊಂಡು ಹೋದ, ಎಲೆಯೂ ಹಣ್ಣೂ ಇದ್ದು ಹೂವಿಲ್ಲದ ಆ ಹಾಳೆ ಅಲ್ಲಿಯ ಪಂಡಿತರ ನಿದ್ದೆ ಕೆಡಿಸಿದೆ ಎಂದು ಬರೆದಿದ್ದೀರಿ. ಬೆರಳುದ್ದದ ಸಣ್ಣ ಎಲೆಯ ರಬ್ಬರ್ ಬಳ್ಳಿಗೆ ಅಷ್ಟು ದಪ್ಪ ಹಣ್ಣು ಬಿಡುವುದು ಯಾವ ಪುಸ್ತಕದಲ್ಲೂ ಇಲ್ಲ, ಇದು ಯಾರೂ ಹೆಸರಿಡದ ಹೊಸ ಜಾತಿ, ಹೂವೊಂದು ಬಂದರೆ ನೀವು ಇನ್ನೊಂದು ವರ್ಷ ಅಲ್ಲೇ ಉಳಿದು ವಿವರಣೆ ಬರೆಯಬೇಕು, ಬಳ್ಳಿಗೆ ನಿಮ್ಮದೇ ಹೆಸರು. ಹೂ ಬರದಿದ್ದರೆ ಮಾರ್ಚ್ ತಿಂಗಳ ಹಡಗಿನಲ್ಲಿ ಮನೆಗೆ. ಈ ಸಾಲುಗಳನ್ನು ಅತ್ತೆಗೆ ಓದಿ ಹೇಳಿದೆ. ಲ್ಯಾಟಿನ್ನಿನಲ್ಲಿ ಶೆಕಿಯೊಂಡೊ ಎಂಬ ನಿಮ್ಮ ಮನೆತನದ ಹೆಸರಿಗೆ ಕೊನೆಯಲ್ಲಿ ಒಂದು ಬಾಲ ಸೇರಿಸುತ್ತಾರಂತೆ ಅಂದದ್ದಕ್ಕೆ ಅವರು, "ನನ್ನ ಗಂಡನ ಮನೆ ಹೆಸರಿಗೆ ಬಾಲ ಯಾಕೆ? ಎಲೆ ಕಾಗದಕ್ಕೆ ಅಂಟಿಸೋಕೆ ಸಮುದ್ರ ದಾಟಿದೋನು ಇವನೊಬ್ಬನೇ. ಎಲೆ ಇಲ್ಲಿರ್ಲಿಲ್ವಾ, ಅಂಟು ಇಲ್ಲಿರ್ಲಿಲ್ವಾ?" ಅಂದರು. ಅಂದ ಮೇಲೆ ಸಂಜೆ ನೀರಿಗೆ ಹೋದಾಗ ಸಿಕ್ಕವರಿಗೆಲ್ಲ, ನನ್ನ ಮಗನ ಹೆಸರಲ್ಲಿ ಒಂದು ಬಳ್ಳಿಯಂತೆ ಎಂದು ಹೇಳಿಕೊಂಡು ಬಂದರು.

ನೀವು ಹೇಳಿದ ಹಾಗೆ ಹೂ ಹುಡುಕಲು ಕಿಹಿಯೊ ಅಜ್ಜನನ್ನು ಕರೆದುಕೊಂಡು ಹೋದೆ. ಯುದ್ಧದ ಕಾಲದಲ್ಲಿ ರಬ್ಬರಿಗಾಗಿ ಈ ಕಾಡಿನ ಒಂದೊಂದು ಬಳ್ಳಿಯನ್ನೂ ಕೊಯ್ದು ಹಾಲು ತೆಗೆದ ಆ ಮುದುಕರಿಗೆ ಈಗ ಕಣ್ಣು ಮಂಜು, ಬೆರಳು ಮಾತ್ರ ಚುರುಕು. ಹಳ್ಳಕ್ಕೆ ಅಡ್ಡಬಿದ್ದ ಆ ದೊಡ್ಡ ಮರ ಇನ್ನೂ ಹಾಗೇ ಇದೆ, ನೀವು ಕಟ್ಟಿದ ತಗಡಿನ ಬಿಲ್ಲೆಯೂ ಇದೆ. ನಾನು ಎಲೆ ಎಣಿಸುತ್ತಿದ್ದರೆ ಅಜ್ಜ ನಕ್ಕು, "ಎಲೆ ಸುಳ್ಳು ಹೇಳುತ್ತೆ ಮಗಳೇ. ನೆರಳಲ್ಲೊಂದು ಥರ, ಬಿಸಿಲಲ್ಲೊಂದು ಥರ. ಹಾಲನ್ನ ಕೇಳು" ಅಂದರು. ತೊಗಟೆಗೆ ಕತ್ತಿ ಆಡಿಸಿ, ಉಪ್ಪುನೀರು ಚಿಮುಕಿಸಿ, ಹೆಪ್ಪುಗಟ್ಟಿದ ಹಾಲನ್ನು ದಾರದಂತೆ ಎಳೆದು ಬೆರಳಿಗೆ ಸುತ್ತಿದರು. ಗೋಲಿಯಷ್ಟು ಉಂಡೆಯಾಯಿತು. ಕಲ್ಲಿಗೆ ಎಸೆದರೆ ಅವರ ತಲೆಗಿಂತ ಎತ್ತರ ಪುಟಿಯಿತು. "ಇದು ಒಳ್ಳೆ ಮನೆತನದ್ದು" ಅಂದರು.

ಹೂ ಸಿಕ್ಕಿತು. ನೀವು ಕಲಿಸಿದ ಕ್ರಮದಲ್ಲೇ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಎಲೆಗಳು ಎದುರುಬದುರು ಜೋಡಿಯಾಗಿವೆ, ಮೇಲ್ಗಡೆ ಹೊಳಪು. ಹೂಗೊಂಚಲ ತೊಟ್ಟೇ ಮುಂದೆ ಬೆಳೆದು, ಕೊಂಡಿಯಾಗಿ ಬಾಗಿ, ಸಿಕ್ಕಿದ ಕೊಂಬೆಯನ್ನು ಹಿಡಿದುಕೊಳ್ಳುತ್ತದೆ. ಹೂ ಬಿಡಬೇಕಾದ ಕೈಯೇ ಹತ್ತಲು ಆಸರೆಯಾಗುವುದು ವಿಚಿತ್ರ, ಆದರೆ ಸಂಸಾರಸ್ಥರಿಗೆ ಅದರಲ್ಲಿ ಹೊಸತೇನೂ ಕಾಣುವುದಿಲ್ಲ. ಮೊಗ್ಗು ಬತ್ತಿಯ ಹಾಗೆ ಒಂದೇ ಕಡೆಗೆ ಹೊಸೆದುಕೊಂಡಿರುತ್ತದೆ. ಅರಳಿದರೆ ಐದು ಬಿಳಿ ಎಸಳು, ಒಳಗೆ ತುಸು ಹಳದಿ. ವಾಸನೆ ಮಲ್ಲಿಗೆಯ ಹತ್ತಿರದ್ದು, ಒತ್ತಿ ಒಣಗಿಸಿದರೆ ಹೊರಟುಹೋಗುತ್ತದೆ, ಅದು ನಿಮಗೆ ತಲುಪುವುದಿಲ್ಲ. ಮೂರು ದಿನ ಒಲೆಯ ಮೇಲೆ ಮರದ ಚೌಕಟ್ಟು ತೂಗುಹಾಕಿ, ದಿನಕ್ಕೆರಡು ಸಲ ಕಾಗದ ಬದಲಿಸಿ ಒಣಗಿಸಿದೆ. ಒಂದು ಎಸಳೂ ಕಪ್ಪಾಗಿಲ್ಲ.

ನಿಜ ಹೇಳುತ್ತೇನೆ, ಆ ಮೂರು ದಿನವೂ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಹೂ ಸಿಗಲಿಲ್ಲ ಎಂದು ಒಂದು ಸಾಲು ಗೀಚಿದ್ದರೆ ಸಾಕಿತ್ತು. ಮಾರ್ಚಿನ ಹಡಗಿನಲ್ಲಿ ನೀವು ಟಾಂಗಾ ಬಂದರಿನಲ್ಲಿ ಇಳಿಯುತ್ತಿದ್ದಿರಿ. ಅತ್ತೆಯೂ ಒಲೆ ಊದುತ್ತ, ಯಾರಿಗೋ ಎಂಬಂತೆ, "ಹೂವು ಬೆಂಕಿಗೆ ಬಿದ್ದರೆ ಬೂದಿಯೂ ಒಂದು ಚಿಟಿಕೆ ಆಗಲ್ಲ" ಅಂದರು. ನಾನು ಚೌಕಟ್ಟನ್ನು ಇನ್ನೊಂದು ಗೇಣು ಮೇಲಕ್ಕೆ ಕಟ್ಟಿದೆ. ಇನ್ನೊಂದು ವರ್ಷ ಎಂದರೆ ಎಷ್ಟೆಂದು ನನಗೆ ಗೊತ್ತು. ಆದರೂ ಪೊಟ್ಟಣ ಕಟ್ಟಿದ್ದೇನೆ, ಈ ಕಾಗದದ ಜೊತೆಗೇ ಹೊರಡುತ್ತದೆ.

ಅತ್ತೆ ನಿಮ್ಮ ತಲೆಯ ಮೇಲೆ ಕೈಯಿಟ್ಟಿದ್ದಾರೆಂದು ತಿಳಿಯಿರಿ. ಮ್ವಾಜುಮಾ ಈ ಹಾಳೆಯ ಮೂಲೆಯಲ್ಲಿ ಎಳೆದ ಗೆರೆ ನಿಮ್ಮ ಚಿತ್ರವಂತೆ. ಕಿಹಿಯೊ ಅಜ್ಜ ನಿಮಗೊಂದು ಸಲಾಮು ಹೇಳಿ, ಬರುವಾಗ ಒಳ್ಳೆಯ ಚಾಕು ತರಲು ಹೇಳಿದ್ದಾರೆ. ದೇವರು ನಿಮ್ಮ ಎದೆಯನ್ನೂ ಕಣ್ಣನ್ನೂ ಕಾಯಲಿ.

ನಿಮ್ಮ
ಹಿದಾಯಾ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಸ್ಸು ಬಂದು ನಿಂತಿದೆ, ಚಾಲಕ ಚಹಾ ಮುಗಿಸುವುದರೊಳಗೆ ಬರೆದುಬಿಡುತ್ತೇನೆ. ಪೊಟ್ಟಣದಲ್ಲಿ ಹಾಳೆ ಒಂದಲ್ಲ, ಎರಡಿವೆ. ಆ ಬಿದ್ದ ಮರದ ಮೇಲೆ ಬಳ್ಳಿಗಳೂ ಎರಡಿವೆ, ಒಂದಕ್ಕೊಂದು ಹೆಣೆದುಕೊಂಡು. ನಾಲ್ಕು ವರ್ಷದ ಹಿಂದೆ ನೀವು ಮೇಲೆ ಹತ್ತಿ ಎಲೆ ಕತ್ತರಿಸುತ್ತ, "ಅದೇ ಬಳ್ಳಿದು ಹಣ್ಣೊಂದು ಕೀಳು" ಎಂದು ಕೂಗಿದಿರಿ. ಕಿತ್ತೆ. ಸಣ್ಣದು, ಆ ಬಳ್ಳಿಯಲ್ಲಿ ಇದ್ದದ್ದು ಅದೊಂದೇ. ಆಗ ಮ್ವಾಜುಮಾ ಹೊಟ್ಟೆಯಲ್ಲಿದ್ದಳು, ನಿಮಗಿನ್ನೂ ಹೇಳಿರಲಿಲ್ಲ. ಹುಳಿಯ ಬಯಕೆ ತಡೆಯಲಾಗದೆ ಅದನ್ನು ಅಲ್ಲೇ ಒಡೆದು ತಿಂದುಬಿಟ್ಟೆ. ನೀವು ಇಳಿದು ಬಂದಾಗ ಪಕ್ಕದ ದೊಡ್ಡೆಲೆಯ ಬಳ್ಳಿಯಿಂದ ಒಂದನ್ನು ಕಿತ್ತು ಕೈಗಿಟ್ಟೆ. ಹಣ್ಣು ಹಣ್ಣೇ ತಾನೆ ಅಂದುಕೊಂಡೆ. ಅದೇ ನಿಮ್ಮ ಹಾಳೆಯ ಮೇಲಿರುವ ದಪ್ಪ ಹಣ್ಣು. ಕಿಹಿಯೊ ಅಜ್ಜ ದೊಡ್ಡೆಲೆಯ ಹಾಲನ್ನೂ ಎಳೆದು ನೋಡಿದರು. ಉಂಡೆಯಾಗಲಿಲ್ಲ, ಬೆರಳಿಗೆ ಅಂಟಿ ಕೂತಿತು. ಎರಡೂ ಹಳೆಯ ಜಾತಿಗಳೇ, ಎರಡಕ್ಕೂ ಯಾರೋ ಎಂದೋ ಹೆಸರಿಟ್ಟಾಗಿದೆ, ನಿಮ್ಮ ಹೆಸರಿಡಲು ಹೊಸ ಬಳ್ಳಿ ಯಾವುದೂ ಇಲ್ಲ. ಎರಡರ ಎಲೆ, ಹೂ, ಹಣ್ಣನ್ನೂ ಬೇರೆ ಬೇರೆ ಒತ್ತಿ ಕಳಿಸಿದ್ದೇನೆ, ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹೂ ಸಿಗಲಿಲ್ಲವೆಂದು ಬರೆದಿದ್ದರೆ ನೀವು ಬರುತ್ತಿದ್ದಿರಿ, ಆದರೆ ಒಂದು ಸುಳ್ಳಿನ ಮೇಲೆ ಇನ್ನೊಂದನ್ನು ಇಟ್ಟು ನಿಮ್ಮ ಎದುರು ಕೂತು ಉಣ್ಣಲು ನನ್ನಿಂದ ಆಗುತ್ತಿರಲಿಲ್ಲ. ಕೋಪ ಬರುತ್ತದೆ, ಬರಲಿ. ಗಂಡನನ್ನು ಕರೆಸಿಕೊಳ್ಳಲು ಹೆಣ್ಣು ಹೂಡಿದ ಆಟ ಎಂದು ಮಾತ್ರ ತಿಳಿಯಬೇಡಿ. ಕರೆಯಬೇಕಾದರೆ ನಾನು ನೇರವಾಗೇ ಕರೆಯುತ್ತೇನೆ. ಬನ್ನಿ.