ಸಾಣೆಕಲ್ಲಿನ ಮೇಲೆ ಯಾರ ನಾಲಿಗೆ?

ಲಿಪೊವಿತ್ಸಾ, ಲ್ಯುಬ್ಲಿಯಾನಾ ಸೀಮೆ
13 ಮಾರ್ಚ್ 1898

ಪ್ರೀತಿಯ ಅಣ್ಣಾ ಗ್ರೆಗೋರ್,

ವಿಯೆನ್ನಾದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಅಮ್ಮ ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಅದನ್ನೂ ನೀನೇ ಹೆಣೆದದ್ದೆಂದು ಗೆಳೆಯರಿಗೆ ತೋರಿಸಿಕೊಂಡು ತಿರುಗುತ್ತಿದ್ದೀಯೋ? ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಇಳಿದಿದೆ, ಜೇನುಗಳು ಚಳಿಗಾಲ ದಾಟಿವೆ. ನಾನು ಮಾತ್ರ ಸೌದೆಯಿಲ್ಲದೆಯೇ ಕುದಿಯುತ್ತಿದ್ದೇನೆ.

ನಿನ್ನೆ ಸಂತ ಗ್ರೆಗೋರನ ದಿನ, ನಿನ್ನ ಹೆಸರಿನ ಹಬ್ಬ. ಹೆಸರು ನಿನ್ನದು, ಹಬ್ಬ ನಿನ್ನದು, ಅಕ್ರೋಟು ಅರೆದು, ಹಿಟ್ಟಿನ ಹಾಳೆಯಲ್ಲಿ ಸುತ್ತಿ, ಹಬ್ಬದ ಪೊಟಿತ್ಸಾ ರೊಟ್ಟಿ ಬೇಯಿಸಿದ ಕೈ ನನ್ನದು. ಓದುಗರ ಸಂಘದವರು ಊರಿನ ಸಾಹಿತಿಗೆ, ಅಂದರೆ ನಿನಗೆ, ನೀನಿಲ್ಲದೆಯೇ ಸನ್ಮಾನ ಇಟ್ಟುಕೊಂಡಿದ್ದರು. ನಿನ್ನ ‘ಸಾಣೆಕಲ್ಲು’ ಕಥೆ ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದಕ್ಕೆ. ನಿನ್ನದಂತೆ! ಶಾಲೆಯ ಮಕ್ಕಳ ಬರಹ ತಿದ್ದಿ ತಿದ್ದಿ ಸೆಟೆದುಕೊಂಡ ಬೆರಳಲ್ಲಿ ಬರೆದವಳು ನಾನು. ಸಂಪಾದಕರ ಮೇಜಿನ ಮೇಲಿಟ್ಟು ಬಂದವನು ನೀನು. “ಹೆಂಗಸಿನ ಹೆಸರು ಕಂಡ್ರೆ ಅವ್ರು ಓದೋದೇ ಇಲ್ಲ ಪೊಲೋನಾ, ಇದೊಂದ್ಸಲ ನನ್ನ ಹೆಸರಿರ್ಲಿ” ಅಂದಿದ್ದೆ. ನನ್ನ ಕಥೆಗೆ ನಿನ್ನ ನಾಮ, ನನಗೆ ಪಂಗನಾಮ. ಈಗ ನಿನ್ನ ಬಳಿಯಿರುವ ನನ್ನ ಉಳಿದ ಕಥೆಗಳನ್ನೂ ಸೇರಿಸಿ, ಈಸ್ಟರ್ ಕಳೆದ ಮೇಲೆ ನಿನ್ನ ಹೆಸರಲ್ಲೇ ಪುಸ್ತಕವಂತೆ. ಕಾನೂನು ಓದುತ್ತಿದ್ದೀಯಲ್ಲ, ಕಳವಿನ ಪಾಠ ನಡೆದ ದಿನ ತರಗತಿಗೆ ಚಕ್ಕರ್ ಹೊಡೆದಿದ್ದೆಯಾ?

ಹೆಸರಿನ ಮಾತು ಹಾಗಿರಲಿ. ಕಥೆಯ ಕೊನೆಯನ್ನು ಯಾಕೆ ಮುಟ್ಟಿದೆ? ಅಪ್ಪನ ಹಳೆಯ ಜೇನುಪೆಟ್ಟಿಗೆಯ ಮುಂದಿನ ಹಲಗೆ ನೋಡುತ್ತಲೇ ಬೆಳೆದವರು ನಾವು: ಸೈತಾನ ಹೆಂಗಸೊಬ್ಬಳ ನಾಲಿಗೆ ಹಿಡಿದೆಳೆದು ಸಾಣೆಗೆ ಕೊಡುವ ಚಿತ್ರ. ಊರ ಗಂಡಸರು ಅದರೆದುರು ನಿಂತು ಹೆಂಡಂದಿರನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನ ಕಥೆಯಲ್ಲಿ ಆ ಕಲ್ಲು ಸವೆದು ಬಟಾಣಿಯಷ್ಟಾಗುತ್ತದೆ, ಸೈತಾನನ ರಟ್ಟೆ ಬಿದ್ದುಹೋಗುತ್ತದೆ, ಅವಳು “ಮುಗೀತೇನಪ್ಪಾ? ಸರಿ, ಈಗ ನನ್ನ ಮಾತು ಶುರು” ಅನ್ನುತ್ತಾಳೆ. ನೀನು ಅಚ್ಚು ಹಾಕಿಸಿದ್ದರಲ್ಲಿ ಅವಳು ಅತ್ತು, ಗಂಡನ ಕಾಲು ಹಿಡಿದು, ಬಾಯಿ ಮುಚ್ಚಿಕೊಂಡು ಸೂಪು ಬಡಿಸುತ್ತಾಳೆ. ಎಷ್ಟು ಚಂದ! ಅದಕ್ಕೆ ಉಪ್ಪು ಹಾಕಿದ್ದಳೋ ಇಲ್ಲವೋ, ಅದನ್ನಾದರೂ ಬರೆಯಬಾರದಿತ್ತೇ?

ಸಾಹಿತಿಗಳು ಊರಲ್ಲಿಲ್ಲ, ಹಾಗಾಗಿ ಕಥೆ ಓದುವ ಭಾಗ್ಯ ಸಾಹಿತಿಗಳ ತಂಗಿಗೆ. ಓದಿದೆ. ಜನ ಬೆಂಚು ತಟ್ಟಿ ನಕ್ಕರು. ಕೊನೆ ಬಂದಾಗ ಪತ್ರಿಕೆ ಮಡಚಿಟ್ಟು, ನನ್ನ ಕೊನೆಯನ್ನೇ ಹೇಳಿದೆ. ಪಾದ್ರಿಗಳು ಎದ್ದು ನಿಂತರು. “ಇದು ಅಚ್ಚಲ್ಲಿಲ್ವಲ್ಲ ಪೊಲೋನಾ. ಅಣ್ಣನ ಕಥೆ ಕೆಡಿಸ್ಬೇಡಮ್ಮಾ.” “ಕೆಡಿಸ್ದೋನು ಅವನು ಗುರುಗಳೇ. ಕಥೆ ನನ್ದು” ಅಂದೆ. ಹಿಟ್ಟಿನ ಗಿರಣಿಯ ಉರ್ಶಕ್ಕ ಹಿಂದಿನಿಂದ ಕೂಗಿದಳು: “ಅದಕ್ಕೇ ಮತ್ತೆ! ಆ ಸಪ್ಪೆ ಗ್ರೆಗೋರ್‌ಗೆ ಇಷ್ಟು ತಮಾಷೆ ಎಲ್ಲಿಂದ ಬಂತು ಅಂತಿದ್ದೆ ನಾನು!” ಅವಳೊಬ್ಬಳೇ ನಂಬಿದ್ದು. ಪಾದ್ರಿಗಳು, “ಪಾಪ, ಹುಡುಗಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು. ಹೋಗ್ಲಿ, ಪೊಟಿತ್ಸಾ ಹಂಚಮ್ಮಾ” ಅಂದರು. ಹಂಚಿದೆ. ಅವರಿಗೆ ಅಂಚಿನ ಒಣ ತುಂಡು.

ಅಪ್ಪ ಮೂಲೆಯಲ್ಲಿ ಟೋಪಿ ತಿರುವುತ್ತಾ ಕೂತಿದ್ದ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು: “ಆ ಕಲ್ಲು ಸವೆದ್ಹೋಗುತ್ತಪ್ಪಾ ಅಂತ ಮೊಣಕಾಲುದ್ದ ಇದ್ದಾಗ್ಲೇ ಹೇಳ್ತಿದ್ದೆ ನೀನು, ಹಲಗೆ ಮುಂದೆ ನಿಂತ್ಕೊಂಡು.”

ಈಗ ನೀನು ಮಾಡಬೇಕಾದದ್ದು ಇಷ್ಟು. ಸಂಪಾದಕರಿಗೆ ಬರೆ: ಪುಸ್ತಕದ ಮೇಲೆ ಪೊಲೋನಾ ಯೆಲೊವ್ಶೆಕ್ ಎಂದಿರಬೇಕು, ಕೊನೆ ನನ್ನದೇ ಇರಬೇಕು. ಹೆಂಗಸಿನ ಹೆಸರಿಗೆ ಪುಸ್ತಕವಿಲ್ಲ ಎನ್ನುವುದಾದರೆ ಕಥೆಗಳು ವಾಪಸು ಬರಲಿ. ಉರಿದರೂ ನನ್ನ ಒಲೆಯಲ್ಲೇ ಉರಿಯಲಿ. ಇಷ್ಟು ದಿನ ನನಗೆ ಮಸಿ ಮಾತ್ರ ಗೊತ್ತಿತ್ತು ಅಣ್ಣಾ, ಮಸೆಯುವುದನ್ನು ನೀನು ಕಲಿಸಿದೆ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಪಾಲಿನದ್ದು ಮೇಲೆಯೇ ಬರೆದಾಯಿತು. ಮೈ ಬೆಚ್ಚಗಿಟ್ಟುಕೋ.

ನಿನ್ನ ತಂಗಿ (ಈ ಪತ್ರವನ್ನಾದರೂ ನನ್ನ ಹೆಸರಲ್ಲಿರಲು ಬಿಡು),
ಪೊಲೋನಾ

ಲಕೋಟೆ ಅಂಟಿಸುವ ಮೊದಲು: ಮನೆಯಲ್ಲಿ ಸಾವಾದರೆ ಮಾತ್ರ ಜೇನುಪೆಟ್ಟಿಗೆ ತಟ್ಟಿ ಸುದ್ದಿ ಹೇಳುವ ಅಪ್ಪ, ಇದೀಗ ಕಿಟಕಿಯಾಚೆ ಒಂದೊಂದು ಪೆಟ್ಟಿಗೆಯನ್ನೂ ತಟ್ಟಿ ಹೇಳುತ್ತಿದ್ದಾನೆ: “ಕೇಳ್ರಮ್ಮಾ, ಕಥೆ ನಮ್ಮ ಪೊಲೋನಾದು.” ಜೇನಿಗೆ ಹೇಳಿದ್ದನ್ನು ಈ ಮನೆಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ, ನಿನಗೆ ಗೊತ್ತು. ಚರ್ಚಿನ ದಾರಿಗೆ ಮುಖಮಾಡಿ ನಿಲ್ಲಿಸುವ ಹೊಸ ಪೆಟ್ಟಿಗೆಗೆ ಹಲಗೆಯನ್ನೂ ಉಜ್ಜಿಟ್ಟಿದ್ದಾನೆ. ಅದೇ ಸೈತಾನ, ಅದೇ ಸಾಣೆ. “ನಾಲಿಗೆ ಯಾರ್ದು ಬರೀಲಿ?” ಎಂದು ಚಿತ್ರಗಾರ ಕೇಳಿದ್ದಕ್ಕೆ, “ತಡಿ, ವಿಯೆನ್ನಾದಿಂದ ಉತ್ತರ ಬರ್ಲಿ” ಅಂದನಂತೆ. ಬೇಗ ಬರೆ. ಮೀಸೆ ಬಿಟ್ಟು ತೆಗೆಸಿಕೊಂಡ ನಿನ್ನ ಫೋಟೋ ಆಗಲೇ ಚಿತ್ರಗಾರನ ಕೈಯಲ್ಲಿದೆ.