ಅಣ್ಣನ ಹಿಂದೆ ನಿಂತ ಮುಖ

ಪುಣೆ, ಬುಧವಾರ

ಮುತ್ಯಾನ ಪಾದಗಳಿಗೆ ಮೊಮ್ಮಗಳು ವಿಜಯಶ್ರೀಯ ನಮಸ್ಕಾರ.

ಫೋನಿನಲ್ಲಿ ನನ್ನ ಮಾತು ಮುಗಿಯಲು ನೀವು ಬಿಡಲಿಲ್ಲ. ಕಾಗದವನ್ನು ನಡುವೆ ಕಡಿಯಲಾಗದು, ಆದ್ದರಿಂದ ಬರೆಯುತ್ತಿದ್ದೇನೆ. ದಾಳಿಂಬೆ ಇಳಿಸಲು ಇಲ್ಲಿಗೆ ಬಂದಿರುವ ರಮಜಾನ ಕಾಕಾ ನಾಳೆ ನಮ್ಮೂರು ವಳಸಂಗಕ್ಕೆ ಮರಳುತ್ತಾರೆ. ರವಿವಾರ ಬಾವಿಯ ತಕರಾರಿಗೆ ಹಿರಿಯರು ಸೇರುವ ಮೊದಲೇ ಇದು ಅವರ ಮೂಲಕ ನಿಮ್ಮ ಕೈ ಸೇರಬೇಕು.

ನಮ್ಮ ದೇವರ ಜಗಲಿಯ ಮೇಲಿರುವ ತಾಮ್ರದ ಬಿಲ್ಲೆಯನ್ನು ನಿಮ್ಮ ಅಪ್ಪ ಲಷ್ಕರದಲ್ಲಿ ವಿಲಾಯತಿಗೆ ಹೋಗಿ ಮರಳುವಾಗ ತಂದರು. ಅದರಲ್ಲಿ ಒಂದು ಮುಖದ ಹಿಂದೆ ಇನ್ನೊಂದು ಮುಖದ ಅಂಚು ಕಾಣುತ್ತದೆ. ನಿಮ್ಮ ಅವ್ವ ಅದನ್ನು ನೋಡಿ, "ಅಣ್ಣನ ಹಿಂದ ತಮ್ಮ ನಿಂತಾನ. ನಮ್ಮ ಮನಿ ಕಾಯಾಕ ಬಂದಾರ" ಎಂದು ಅರಿಸಿನದ ಭಂಡಾರ ಹಚ್ಚಿ ಕೂರಿಸಿದರಂತೆ. ಅಂದಿನಿಂದ ಅದು ಅಣ್ಣತಮ್ಮರ ದೇವರು. ಅದರ ಮೇಲೆ ಅಂಗೈ ಊರದೆ ನಮ್ಮ ಮನೆಯಲ್ಲಿ ಯಾವ ಆಣೆಯೂ ನಡೆದಿಲ್ಲ. ಸನಮಡಿ ದಾರಿಯ ಹೊಲ ಹಿಸ್ಸೆಯಾದಾಗ ಬಾವಿ ನಿಮ್ಮ ತಮ್ಮ ಶಿವಪುತ್ರ ಮುತ್ಯಾನ ಪಾಲಿಗೆ ಹೋಯಿತು. ಅರ್ಧ ನೀರು ನಮ್ಮದೆಂದು ಅವರು ಆಣೆ ಮಾಡಿದ್ದೂ ಅದರ ಮೇಲೆಯೇ.

ದೀಪಾವಳಿಯ ರಜೆಯಲ್ಲಿ ಅದನ್ನು ಪಡಸಾಲೆಯ ಬೆಳಕಿಗೆ ತಂದಾಗ, ಅದು ಹಳೆಯ ನಾಣ್ಯವೆಂದು ನನಗೆ ತಿಳಿಯಿತು. ಇಂಥ ನಾಣ್ಯವನ್ನು ಗುರುತಿಸುವಾಗ ಮೊದಲು ಮೇಲಿನ ಅಚ್ಚನ್ನು ಓದಬೇಕು. ಆಮೇಲೆ ಬೆರಳುಗಳ ನಡುವೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಆ ಚಿತ್ರಕ್ಕೆ ಸೇರದ ಗೆರೆಯನ್ನು ಹುಡುಕಬೇಕು. ಇಲ್ಲಿ ನಾಣ್ಯಶಾಸ್ತ್ರ ಕಲಿಯುವ ನನ್ನ ತರಗತಿಯಲ್ಲಿ ಆ ಗೆರೆಯನ್ನು ನನಗಿಂತ ಬೇಗ ಹಿಡಿಯುವವರಿಲ್ಲ. ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಮೇಲಿರುವ ದಪ್ಪ ಕತ್ತಿನ, ಗಡ್ಡದ ಮುಖ ಕರೌಸಿಯಸ್‌ನದು. ಸಾವಿರದ ಏಳುನೂರು ವರ್ಷಗಳ ಹಿಂದೆ ಅವನು ರೋಮಿನ ನೌಕಾಪಡೆಯ ಅಧಿಕಾರಿಯಾಗಿದ್ದು, ಬ್ರಿಟನ್ನನ್ನು ಹಿಡಿದುಕೊಂಡು ತಾನೇ ಸಾಮ್ರಾಟನೆಂದು ಸಾರಿಕೊಂಡ. ಹಳೆಯ ನಾಣ್ಯಗಳನ್ನು ಕರಗಿಸುವ ವ್ಯವಧಾನವೂ ಇಲ್ಲದೆ, ಅವುಗಳ ಮೇಲೆಯೇ ತನ್ನ ಅಚ್ಚು ಹೊಡೆಸಿದ. ಅವನ ಕತ್ತಿನ ಹಿಂದೆ ಹಳೆಯ ಅಕ್ಷರಗಳು ಉಳಿದಿವೆ. ನೀವು ದಿನವೂ ಹಚ್ಚಿದ ಭಂಡಾರ ಅವುಗಳ ಸುತ್ತಲಿನ ತಗ್ಗಿನಲ್ಲಿ ಕುಳಿತು ಅವನ್ನು ಎತ್ತಿ ತೋರಿಸುತ್ತಿತ್ತು. ಅದು ಟೆಟ್ರಿಕಸ್ ಎಂಬ ಹಿಂದಿನ ದೊರೆಯ ಹೆಸರು. ಅಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ಮುತ್ಯಾ. ಒಬ್ಬನನ್ನು ಅಳಿಸಲು ಹೊರಟ ಇನ್ನೊಬ್ಬನಿದ್ದಾನೆ.

ತೀರಿಹೋದ ಶಿವಪುತ್ರ ಮುತ್ಯಾನ ಮಗ ತಾನಾಜಿ ಕಾಕಾ ಸೋಮವಾರ ಫೋನ್ ಮಾಡಿದ. "ವಿಜೂ, ನೀ ಭಾಳ ಕಲತಾಕಿ. ಅದು ಏನೈತಿ ಅಂತ ರವಿವಾರ ನಾಲ್ಕ ಮಂದ್ಯಾಗ ಹೇಳಿಬಿಡು. ಅದು ದೇವರಲ್ಲಂದ್ರ ಆಣಿನೂ ಆಣಿ ಅಲ್ಲ. ನನ್ನ ಹೊಲದ ಬಾವಿ, ನನ್ನ ನೀರು." ಅವನ ದಾಳಿಂಬೆ ತೋಟ ಬೆಳೆಯುತ್ತಿದೆ, ನಮ್ಮ ಪಾಳಿಯ ನೀರಿನ ಮೇಲೆ ಅವನ ಕಣ್ಣು.

ಮರುದಿನ ನೀವು ಫೋನ್ ಮಾಡಿದಿರಿ. "ದೇವರು ಅಂತ ಒಂದ ಮಾತ ಅಂದ್ರ ನಿನ್ನ ಬಾಯಿ ಸವಿತೈತೇನು? ಅಷ್ಟೂ ಆಗಲಿಲ್ಲಂದ್ರ ಬರಬ್ಯಾಡ."

ದೀಪಾವಳಿಯಲ್ಲಿ ತೆಗೆದ ನಾಣ್ಯದ ಫೋಟೋವನ್ನು ಆ ರಾತ್ರಿ ಮತ್ತೆ ನೋಡಿದೆ. ನುಣುಚಿಕೊಳ್ಳುವ ದಾರಿಯೊಂದಿತ್ತು. ನಾಣ್ಯದ ಹಿಂಬದಿಯಲ್ಲಿ ಕೊಂಬೆ ಹಿಡಿದು ನಿಂತವಳು ರೋಮನರ ಶಾಂತಿದೇವತೆ. "ಹೌದು, ಇದರಲ್ಲಿ ದೇವರಿದೆ" ಎಂದು ಅವಳನ್ನು ತೋರಿಸಿ ಕುಳಿತುಬಿಡಬಹುದು. ಕೇಳಿದವರಿಗೆ ಅದು ನಿಜವೆನಿಸುತ್ತದೆ, ನನಗೆ ಮಾತ್ರ ಅದು ಮೋಸವೆಂದು ತಿಳಿದಿರುತ್ತದೆ. ಅದನ್ನು ನಾನು ಮಾಡಲಾರೆ.

ಆಣೆಯ ದಿನ ಭಂಡಾರದ ಬಟ್ಟಲು ಹಿಡಿದವಳು ನಾನು. ಆಗ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಶಿವಪುತ್ರ ಮುತ್ಯಾ ಅಂಗೈ ಊರಿ, "ಅಣ್ಣಾ, ಅರ್ಧ ನೀರು ನಿನ್ನದು. ನನ್ನ ಹಿಂದ ನನ್ನ ಮಗಾನೂ ಈ ಮಾತ ನಡಸ್ತಾನ" ಎಂದರು. ಬಾಗಿಲಲ್ಲಿದ್ದ ತಾನಾಜಿ ಕಾಕಾ ಯಾರೂ ಕರೆಯದೆ ಬಂದು, ನನ್ನ ಬಟ್ಟಲಿಗೆ ಬೆರಳದ್ದಿ ಹಣೆಗೆ ಹಚ್ಚಿಕೊಂಡು, "ಹೂಂ, ನಡಸ್ತೀನಿ" ಎಂದ. ಅದನ್ನು ಕಂಡವರಲ್ಲಿ ಅವನನ್ನು ಬಿಟ್ಟರೆ ಈಗ ಉಳಿದವರು ನೀವು ಮತ್ತು ನಾನು. ನೀವು ವಾದಿ, ನಿಮ್ಮ ಮಾತನ್ನು ಹಿರಿಯರು ತಳ್ಳಿಹಾಕುತ್ತಾರೆ. ಸಾಕ್ಷಿ ನಾನೊಬ್ಬಳೇ. ನಾಣ್ಯದ ಬಗ್ಗೆ ಸುಳ್ಳಾಡಿದ ಬಾಯಿಯಿಂದ ಆಣೆಯ ನಿಜ ಬಂದರೆ ಯಾರು ನಂಬುತ್ತಾರೆ? ಆ ನಾಣ್ಯದ ಫೋಟೋ ತಾನಾಜಿ ಕಾಕಾನ ಬಳಿಯೂ ಇದೆ; ತಿಳಿದ ಯಾರಿಗಾದರೂ ತೋರಿಸಿದರೆ ನನ್ನ ಸುಳ್ಳು ಹೊರಬೀಳುತ್ತದೆ.

ಆದ್ದರಿಂದ ರವಿವಾರ ನಾನು ಬರುತ್ತೇನೆ. ಮೊದಲು, ಇದು ದೇವರಲ್ಲ ಎನ್ನುತ್ತೇನೆ. ತಾನಾಜಿ ಕಾಕಾ ನಗುತ್ತಾನೆ; ನೀವು ತಲೆ ತಗ್ಗಿಸಬೇಡಿ. ಆ ನಗು ನಿಲ್ಲುವ ಮೊದಲೇ, "ಕಾಕಾ, ಅವತ್ತು ನನ್ನ ಬಟ್ಟಲದಾಗ ಬೆರಳದ್ದಿ ಏನಂದಿದ್ದಿ?" ಎಂದು ಎಲ್ಲರೆದುರು ಕೇಳುತ್ತೇನೆ. ಅವನು ಏನೆಂದು ಉತ್ತರಿಸುವನೋ ನನಗೆ ತಿಳಿಯದು. ನೀರು ಉಳಿಯದೆಯೂ ಹೋಗಬಹುದು. ಆ ಬಿಲ್ಲೆಯನ್ನು ಜಗಲಿಯಿಂದ ನೀವೇ ಎತ್ತಿ ತನ್ನಿರಿ. ಬೇರೆಯವರು ಮುಟ್ಟುವುದು ಬೇಡ.

ಆ ದಿನ ನಿಮ್ಮ ಧ್ವನಿ ನಡುಗದಿರಲಿ, ನನ್ನದೂ.

ನಿಮ್ಮ ಮಾತು ಮೀರಿ ನಿಮ್ಮ ಪಕ್ಕದಲ್ಲೇ ಬಂದು ನಿಲ್ಲುವ,
ವಿಜಯಶ್ರೀ