ಓಟು ಮುಗಿದರೂ ಮುದ್ರೆ ಬಿಚ್ಚದ ಬಾಗಿಲು

ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ಹಟ್ಟಿಯ ಸರ್ಕಾರಿ ಶಾಲೆಯ ಶೌಚಾಲಯದ ಬೀಗದ ಕೈ ನಿಮ್ಮ ಬಳಿ ಇದೆ. ದಯವಿಟ್ಟು ಕೊಟ್ಟುಬಿಡಿ.

ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನೇ ನಿಮ್ಮ ಮೇಜಿನ ಮುಂದೆ ನಿಂತು ಹೇಳಿದಾಗ ನೀವು ನಕ್ಕಿರಿ. ಅರ್ಜಿ ಬರೆದು ಕೊಟ್ಟಾಗ ವಿಷಯ ಯಾವ ಶಾಖೆಗೆ ಸೇರುತ್ತದೆಂದು ನಿಮ್ಮ ಕಚೇರಿಗೇ ತಿಳಿಯಲಿಲ್ಲ. ಹಾಗಾಗಿ ಈಗ ನಾಲ್ಕು ಜನ ಓದುವ ಹಾಗೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಊರಿನ ಹೆಸರು ಬರೆದರೆ ನೀವು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ನಿಮ್ಮ ಮರ್ಯಾದೆ ತೆಗೆಯುವುದು ನನ್ನ ಉದ್ದೇಶವಲ್ಲ, ಬೀಗ ತೆಗೆಸುವುದಷ್ಟೇ ಉದ್ದೇಶ.

ನನ್ನ ನೆನಪು ನಿಮಗಿರಬಹುದು. ಕೈಯ ಮೆಹಂದಿ ಮಾಸುವ ಮುನ್ನವೇ ನಾಮಪತ್ರ ಹಿಡಿದು ಬಂದವಳು ನಾನು. ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಪೇಟೆಯಲ್ಲಿ, ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಮದುವೆಯಾಗಿ ಬಂದದ್ದು ಸಿದ್ದಾಪುರದಿಂದಾಚೆ, ಬಂಡೆಗಳ ನಡುವಿನ ಈ ಹಟ್ಟಿಗೆ. ಬಂದ ಮೇಲೆ ಇಲ್ಲಿಯದೆಲ್ಲ ನನಗೆ ಇಷ್ಟವಾಗಿಬಿಟ್ಟಿತು! ಸಂಜೆ ಬಂಡೆಗಳೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗುವುದು, ಕುರಿ ಮನೆಗೆ ಬರುವಾಗ ಮೊದಲು ಧೂಳು, ಆಮೇಲೆ ಸದ್ದು, ಆಮೇಲೆ ಕುರಿ ಬರುವುದು, ನಮ್ಮತ್ತೆ ತಿಪ್ಪೇರುದ್ರಮ್ಮನವರು ನನ್ನನ್ನು ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಮುದ್ದಿಸುವುದು. ಇನ್ನು ನಮ್ಮವರು, ಹನುಮಂತರಾಯರು. ಅವರ ವಿಷಯ ಶುರು ಮಾಡಿದರೆ ಪತ್ರ ಮುಗಿಯುವುದಿಲ್ಲ, ಬಿಡಿ. ಹೊಸ ಮದುವೆಯ ಜೋಡಿಗಳು ಊಟಿಗೆ ಹೋಗುತ್ತಾರೆ. ನಾವು ಮತದಾರರ ಪಟ್ಟಿಗೆ ನನ್ನ ಹೆಸರು ಸೇರಿಸಲು ಬೈಕಿನಲ್ಲಿ ತಾಲ್ಲೂಕು ಕಚೇರಿಗೆ ಹೋಗಿ, ಬರುವಾಗ ಕಬ್ಬಿನ ಹಾಲು ಕುಡಿದೆವು. ನನಗೆ ಅದೇ ಊಟಿ.

ನಮ್ಮ ಮನೆಯಲ್ಲಿ ಸ್ವಪ್ನ ಇದ್ದಾಳೆ, ನಮ್ಮವರ ಕೊನೆಯ ತಂಗಿ, ಏಳನೇ ತರಗತಿ. ಮದುವೆಯ ದಿನದಿಂದಲೂ ನನ್ನ ಸೆರಗು ಬಿಟ್ಟವಳಲ್ಲ. ಆದರೆ ಬೆಳಿಗ್ಗೆ ಶಾಲೆಗೆ ಹೋದ ಹುಡುಗಿ ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆಯೇ ಮನೆಗೆ ಬಂದು ಹಿತ್ತಿಲಾಚೆಯ ಜಾಲಿಯ ಮರೆಗೆ ಓಡುತ್ತಿದ್ದಳು. ವಾಪಸು ಹೋಗುತ್ತಿರಲಿಲ್ಲ. ಯಾಕೆಂದು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಒಂದು ದಿನ ನಾನೇ ಜೊತೆಯಲ್ಲಿ ಹೋಗಿ ನೋಡಿದೆ. ಶಾಲೆಯ ಶೌಚಾಲಯಕ್ಕೆ ಗೋಡೆ ಇತ್ತು. ಬಾಗಿಲಿರಲಿಲ್ಲ, ನೀರಿರಲಿಲ್ಲ, ಒಳಗೆ ಕಲ್ಲು ತುಂಬಿತ್ತು. ನಾನು ಓದಿದ ಶಾಲೆಯಲ್ಲಿ ಕಿರುಬೆರಳು ಎತ್ತಿ ಇಂಗ್ಲಿಷಿನಲ್ಲಿ ಕೇಳಿದರೆ ಮಾತ್ರ ಹೊರಗೆ ಬಿಡುತ್ತಿದ್ದರು. ಈ ಶಾಲೆಯ ಹುಡುಗಿಯರು ಯಾವ ಭಾಷೆಯಲ್ಲೂ ಕೇಳುವುದಿಲ್ಲ. ಬೆಳಿಗ್ಗೆ ನೀರು ಕುಡಿಯದೇ ಬರುತ್ತಾರೆ, ಅಷ್ಟೇ.

ಮುಖ್ಯೋಪಾಧ್ಯಾಯರಾದ ಶಶಿಕಾಂತ್ ಮೇಷ್ಟ್ರು ಒಳ್ಳೆಯವರು, ಸ್ವಲ್ಪ ಮಾತುಗಾರರು. ನಾನು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ನಮ್ದು ಒಗ್ಗಟ್ಟಿನ ಹಟ್ಟಿ ಕಣಮ್ಮಾ, ಅದಕ್ಕೇ ಹಿಂಗೈತೆ. ಪಕ್ಕದೂರ್ನೋರು ಪಂಚಾಯ್ತಿ ಎಲೆಕ್ಷನ್ ಬಂದಾಗೆಲ್ಲಾ ಕಿತ್ತಾಡ್ತಾರೆ. ಓಟು ನಡೀತದೆ. ಓಟು ನಡೆದ್ರೆ ಶಾಲೇಲಿ ಬೂತು. ಬೂತು ಅಂದ್ಮೇಲೆ ಬಾಗ್ಲು, ಲೈಟು, ನೀರು ಎಲ್ಲಾ ಬರ್ತವೆ. ನಮ್ಮೋರು ಜಗಳಾನೇ ಆಡಲ್ಲ. ಎಲ್ಲಿಂದ ಬರ್ಬೇಕು ಬಾಗ್ಲು?”

ವಿಧಾನಸಭೆ, ಲೋಕಸಭೆಗೆ ನಾವು ದೊಡ್ಡೂರಿನ ಶಾಲೆಗೆ ನಡೆದುಹೋಗಿ ಓಟು ಹಾಕುತ್ತೇವೆ. ಪಂಚಾಯ್ತಿಗೆ ಮಾತ್ರ ನಮ್ಮ ಶಾಲೆಯೇ ಮತಗಟ್ಟೆ. ಆದರೆ ಪಂಚಾಯ್ತಿಗೆ ನಮ್ಮಲ್ಲಿ ಓಟೇ ನಡೆದಿರಲಿಲ್ಲ. ಯಾಕೆಂದರೆ ಹಟ್ಟಿಯ ಹಿರಿಯರು ಗುಡಿಯ ಮುಂದೆ ಕರಿಕಂಬಳಿ ಹಾಸಿ, ಅದರ ಸುತ್ತ ಕೂತು, ಯಾರು ನಿಲ್ಲಬೇಕೆಂದು ತೀರ್ಮಾನಿಸಿ ಕಂಬಳಿ ಮುಟ್ಟುತ್ತಾರೆ. ಕಂಬಳಿ ಮುಟ್ಟಿ ಕೊಟ್ಟ ಮಾತನ್ನು ಯಾರೂ ಮೀರುವುದಿಲ್ಲ. ನೀವು ಅದಕ್ಕೆ ‘ಅವಿರೋಧ ಆಯ್ಕೆ’ ಎಂದು ಚೆಂದದ ಹೆಸರಿಟ್ಟು, ಮಾದರಿ ಗ್ರಾಮ ಎಂದು ಹೊಗಳಿ, ಹಾರ ಹಾಕಿ ಹೋಗುತ್ತೀರಿ. ಆ ಕಂಬಳಿಯ ಸುತ್ತ ಒಬ್ಬ ಹೆಂಗಸಾದರೂ ಕೂತದ್ದನ್ನು ಯಾವಾಗಲಾದರೂ ಕಂಡಿದ್ದೀರಾ? ಹೆಂಗಸರಿಗೆ ಮೀಸಲಾದ ಸ್ಥಾನಕ್ಕೆ ಯಾವ ಹೆಂಗಸು ಎಂಬುದನ್ನು ಗಂಡಸರೇ ಒಗ್ಗಟ್ಟಾಗಿ ತೀರ್ಮಾನಿಸಿದರೆ ಅದಕ್ಕೆ ವಿರೋಧವಿಲ್ಲ ಎನ್ನುತ್ತೀರೋ, ವಿರೋಧಿಸಬಲ್ಲವರು ಅಲ್ಲಿರಲಿಲ್ಲ ಎನ್ನುತ್ತೀರೋ?

ಆಗಲೇ ಉಪಚುನಾವಣೆ ಬಂತು. ನಮ್ಮ ವಾರ್ಡಿನ ಸದಸ್ಯೆ ಅಂಗನವಾಡಿ ಕೆಲಸ ಸಿಕ್ಕಿ ರಾಜೀನಾಮೆ ಕೊಟ್ಟಿದ್ದರು. ನಾನು ಲೆಕ್ಕ ಹಾಕಿದೆ: ಇಬ್ಬರು ನಿಂತರೆ ಓಟು, ಓಟಾದರೆ ಮತಗಟ್ಟೆ, ಮತಗಟ್ಟೆಯಾದರೆ ಬಾಗಿಲು. ಗೆಲ್ಲಬೇಕಾದ ಅಗತ್ಯವೇ ಇಲ್ಲ, ನಿಂತರೆ ಸಾಕು! ಬೈಕಿನ ಹಿಂದೆ ಕೂತು ನಮ್ಮವರ ಕಿವಿಯಲ್ಲಿ ಹೇಳಿದೆ. ಗಾಡಿ ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕರು. “ಎಲ್ರ ಹೆಂಡ್ರು ಸೀರೆ ಕೇಳ್ತಾರೆ, ನೀನು ಕಕ್ಕಸು ಕೇಳ್ತೀಯಲ್ಲೇ!” ಎಂದರು. ನಕ್ಕು, ಸೂಚಕರಾಗಿ ಸಹಿಯನ್ನೂ ಹಾಕಿದರು.

ಅಷ್ಟರಲ್ಲಿ ಗಂಗರಾಜು ಅವರ ಹೆಂಡತಿ ನಿರ್ಮಲಾ ನಿಲ್ಲಬೇಕೆಂದು ಹಿರಿಯರು ಕಂಬಳಿ ಮುಟ್ಟಿಯಾಗಿತ್ತು. ನನಗೆ ತಿಳಿದಿರಲಿಲ್ಲ. ನಮ್ಮವರಿಗೆ ತಿಳಿದಿತ್ತು, ಹೊಸ ಹೆಂಡತಿಯ ಉತ್ಸಾಹ ನೋಡಿ ಮರೆತೇಹೋಯಿತಂತೆ. ಮೊದಲು ಕಂಬಳಿ ಮುಟ್ಟಿದವರು ನಮ್ಮ ಮಾವ ಬೋರಣ್ಣನವರೇ. ಸುದ್ದಿ ತಿಳಿದ ಸಂಜೆ ಅವರು ನನ್ನ ಮೇಲೆ ಕೂಗಾಡಲಿಲ್ಲ. “ನಾನು ಮುಟ್ಟಿದ ಕಂಬಳಿ ಕಣವ್ವಾ ಅದು” ಎಂದರು. ಅದೇ ಕೊನೆ. ಆಮೇಲೆ ನನ್ನೊಂದಿಗೆ ಮಾತು ಬಿಟ್ಟರು. ನೀರು ಬೇಕಾದರೆ ಮನೆಯ ಬೆಕ್ಕಿಗೆ ಹೇಳುತ್ತಾರೆ: “ಆಯಮ್ಮನಿಗೆ ಹೇಳು, ಒಂದು ಚೊಂಬು ನೀರು ತರಲಿ ಅಂತ.” ನಮ್ಮತ್ತೆ ಬೈಯುವುದನ್ನು ನಿಲ್ಲಿಸಿಲ್ಲ. ತೆಲುಗು ಮಾತ್ರ ನಿಂತುಹೋಗಿದೆ.

ಆದರೂ ಮತದಾನದ ಹಿಂದಿನ ದಿನ ನೀವು ನೋಡಬೇಕಿತ್ತು! ಅಲ್ಲ, ನೀವೇ ಮುಂದೆ ನಿಂತು ಮಾಡಿಸಿದಿರಿ. ಟ್ಯೂಬ್‌ಲೈಟು ಬಂತು, ಫ್ಯಾನು ಬಂತು, ಮೆಟ್ಟಿಲಿಗೆ ಹಲಗೆಯ ಇಳಿಜಾರು ಬಂತು, ಸಿಂಟೆಕ್ಸ್ ಬಂತು, ನಲ್ಲಿಯಲ್ಲಿ ನೀರು ಬಂತು. ಶೌಚಾಲಯದ ಕಲ್ಲು ತೆಗೆದು, ಸುಣ್ಣ ಬಳಿದು, ನೀಲಿ ಬಣ್ಣದ ಕಬ್ಬಿಣದ ಬಾಗಿಲು ಕೂರಿಸಿದರು. ವರ್ಷಗಳಿಂದ ಅನುದಾನ ಇಲ್ಲ ಎನ್ನುತ್ತಿದ್ದ ಸರ್ಕಾರ ಒಂದೇ ಹಗಲಿನಲ್ಲಿ ಇಷ್ಟೆಲ್ಲ ಮಾಡಬಲ್ಲದೆಂದು ತಿಳಿದು ನನಗೆ ಕುಣಿಯುವಷ್ಟು ಸಂತೋಷವಾಯಿತು. ಈಗ ಅದನ್ನು ನೆನೆದರೇ ಸಿಟ್ಟು ಬರುತ್ತದೆ. ಮಾಡಲಾಗದವರ ಮೇಲೆ ಮುನಿಸಿಲ್ಲ ಸ್ವಾಮಿ. ಮಾಡಬಲ್ಲವರು ಮಾಡದೇ ಇದ್ದದ್ದಕ್ಕೆ ಏನೆನ್ನಬೇಕು?

ಮತದಾನದ ದಿನ ಸ್ವಪ್ನ ತನ್ನವ್ವನ ಜೊತೆ ಬಂದಿದ್ದಳು. ಶೌಚಾಲಯಕ್ಕೆ ಹೋಗಿ ಮುಖ ಅರಳಿಸಿಕೊಂಡು ಬಂದು, “ಒಳಗಿಂದ ಚಿಲಕ ಹಾಕ್ಕೊಂಡೆ ಅತ್ತಿಗೆ!” ಎಂದಳು. ಮತ್ತೆ ಹೋದಳು. ಅವಳ ಗೆಳತಿಯರೂ ಬಂದರು. ಅವಶ್ಯವಿತ್ತೋ ಇಲ್ಲವೋ, ಚಿಲಕ ಹಾಕುವ ಸಂಭ್ರಮಕ್ಕೇ ಒಬ್ಬೊಬ್ಬರಾಗಿ ಹೋಗಿ ಬರುತ್ತಿದ್ದರು. ಆಗ ನಿಮ್ಮ ಸಿಬ್ಬಂದಿಯೊಬ್ಬರು ಬಂದು ಗದರಿದರು: “ಏಯ್, ಇದು ಮತದಾರರಿಗೆ. ಓಟಿಲ್ಲದೋರು ಆಚೆ ಹೋಗ್ರಿ.” ಮಾನ್ಯರೇ, ಮತ ಹಾಕುವ ಹಕ್ಕು ಹದಿನೆಂಟಕ್ಕೆ ಬರುತ್ತದೆಂದು ನಾನು ಶಾಲೆಯಲ್ಲಿ ಓದಿದ್ದೆ. ಮೂತ್ರಕ್ಕೆ ಹೋಗುವ ಹಕ್ಕೂ ಹದಿನೆಂಟಕ್ಕೇ ಬರುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮತದಾರ ಆ ಅಂಗಳದಲ್ಲಿ ಇರುವುದು ಸರದಿ ಮುಗಿಯುವ ತನಕ. ಮಗು ಅಲ್ಲಿ ಏಳು ವರ್ಷ ಇರುತ್ತದೆ. ಯಾರಿಗೆ ಬಾಗಿಲು ಬೇಕು?

ನಾನು ಸೋತೆ, ಭರ್ಜರಿಯಾಗಿ ಸೋತೆ. ಗೆದ್ದ ನಿರ್ಮಲಕ್ಕ ಎಣಿಕೆ ಮುಗಿದ ಮೇಲೆ ನನ್ನ ಕೈ ಹಿಡಿದು, “ನೀನು ನಿಂತಿದ್ದಕ್ಕೆ ನಮ್ಮ ಶಾಲೇಲಿ ಓಟು ಹಾಕಿದೆ ಕಣವ್ವಾ, ಇಲ್ಲಾಂದ್ರೆ ನಂಗೆ ನಾನೇ ಓಟು ಹಾಕ್ಕೊಳ್ಳೋಕೂ ಆಗ್ತಿರ್ಲಿಲ್ಲ” ಎಂದು ನಕ್ಕರು. ನಾನೂ ನಕ್ಕೆ. ಬಾಗಿಲು ಬಂದಿತ್ತಲ್ಲ!

ಆದರೆ ಮತದಾನ ಮುಗಿದ ಸಂಜೆಯೇ ಬಾಡಿಗೆಯ ಟ್ಯೂಬ್‌ಲೈಟು, ಫ್ಯಾನು, ಸಿಂಟೆಕ್ಸು, ಹಲಗೆ ಎಲ್ಲ ಲಾರಿ ಹತ್ತಿ ಹೋಗಿದ್ದವು. ಶೌಚಾಲಯವನ್ನು ಹೊತ್ತೊಯ್ಯಲು ಆಗಲಿಲ್ಲ ಎಂದು ಕಾಣುತ್ತದೆ. ಅದಕ್ಕೆ ಬೀಗ ಜಡಿದು, ಬೀಗಕ್ಕೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿದ್ದರು. ಮತಗಟ್ಟೆಯ ಎಲ್ಲ ಬಾಗಿಲುಗಳನ್ನೂ ಮುಚ್ಚಿ ಮುದ್ರೆ ಹಾಕಿ ಎಂದು ನಿಮ್ಮ ಆದೇಶವಿತ್ತಂತೆ. ಪಾಠ ನಡೆಯಬೇಕಲ್ಲ ಎಂದು ತರಗತಿಗಳ ಮುದ್ರೆಯನ್ನು ಮರುದಿನ ಬಂದು ಬಿಚ್ಚಿದರು. ಶೌಚಾಲಯದ್ದನ್ನು ಎಣಿಕೆಯಾದ ಮೇಲೆ ಬಿಚ್ಚುತ್ತಾರೆಂದು ನಾನು ನಂಬಿದ್ದೆ. ಆದರೆ ಅದರ ಮುದ್ರೆ ಬಿಚ್ಚುವ ಆದೇಶ ಯಾರಲ್ಲೂ ಇರಲಿಲ್ಲ. ಕೀಲಿ ಕೈ ಉಳಿದ ಸಾಮಗ್ರಿಯ ಜೊತೆ ಚೀಲ ಸೇರಿ, ಚೀಲಕ್ಕೂ ಮುದ್ರೆ ಬಿದ್ದಿತ್ತು.

ನಾನು, ನಮ್ಮವರು ನಿಮ್ಮಲ್ಲಿಗೆ ಬಂದಾಗ ನೀವು ಹೇಳಿದ್ದು ನೆನಪಿದೆಯೇ? ಮುದ್ರೆ ಬಿದ್ದ ಚೀಲ ಬಿಚ್ಚಬೇಕಾದರೆ ನ್ಯಾಯಾಲಯದ ಆದೇಶ ಬೇಕು, ಸೋತ ಅಭ್ಯರ್ಥಿ ಫಲಿತಾಂಶದ ಮೇಲೆ ತಕರಾರು ಹಾಕಿದರೆ ಅದಕ್ಕೊಂದು ದಾರಿ ಎಂದಿರಿ. “ಫಲಿತಾಂಶದ ಮೇಲೆ ನನಗೆ ತಕರಾರಿಲ್ಲ ಸರ್, ಬೀಗದ ಮೇಲೆ ಇದೆ” ಎಂದೆ. “ಹೊಸದಾಗಿ ಮದುವೆಯಾಗಿದ್ದೀರಿ, ಮನೆ ಕಡೆ ನೋಡಿಕೊಳ್ಳಿ” ಎಂದು ಉಪದೇಶ ಮಾಡಿದಿರಿ. ಮನೆ ಕಡೆ ನೋಡಿಕೊಂಡೇ ಬಂದಿದ್ದೆ ಸರ್. ಮನೆಯಲ್ಲಿ ಸ್ವಪ್ನ ಇದ್ದಾಳೆ.

ನಿರ್ಮಲಕ್ಕನನ್ನೂ ಕೇಳಿದೆ. ಅವರು ಸಹಿ ಮಾಡಲು ಸಿದ್ಧರಿದ್ದಾರೆ. ಆದರೆ ಪಂಚಾಯ್ತಿಯ ಕುರ್ಚಿಯಲ್ಲಿ ಕೂರುವವರು ಅವರ ಯಜಮಾನರು, ಗಂಗರಾಜು. “ಸರ್ಕಾರದ ಮುದ್ರೆ ಮುಟ್ಟಿ ನಾವು ಜೈಲಿಗೆ ಹೋಗ್ಬೇಕೇನಮ್ಮಾ?” ಎನ್ನುತ್ತಾರೆ ಅವರು. ಮೇಷ್ಟ್ರಿಗೆ ಅಮಾನತಿನ ಭಯ. ಒಂದು ಹಿಡಿ ಕೆಂಪು ಅರಗು ಇಡೀ ಹಟ್ಟಿಯನ್ನು ಹೆದರಿಸಿ ನಿಲ್ಲಿಸಿದೆ. ಮಕ್ಕಳು ಆಟ ಬಿಟ್ಟು ಹೋಗಿ ಮುದ್ರೆಯ ಮೇಲಿನ ಸಿಂಹಗಳನ್ನು ನೋಡಿ ಬರುತ್ತಾರೆ. ಅದು ಅವರ ಶಾಲೆಯ ಹೊಸ ಪಾಠ: ಸರ್ಕಾರ ಬಾಗಿಲು ಕೊಡುತ್ತದೆ, ಒಳಗೆ ಹೋಗಲು ಕೊಡುವುದಿಲ್ಲ.

ಸ್ವಪ್ನ ಈಗ ದೊಡ್ಡವಳಾಗಿದ್ದಾಳೆ. ಆರತಿಯಾದ ಮೇಲೆ ಶಾಲೆಗೆ ಹೋಗಿಲ್ಲ. ನಮ್ಮತ್ತೆ ಅವಳ ಕೈಗೆ ಕುರಿ ಕೋಲು ಕೊಟ್ಟಿದ್ದಾರೆ. ನಾನು ಜಗಳಕ್ಕೆ ನಿಂತೆ. ಅವರು ಹೇಳಿದರು: “ಕುರಿ ಹಿಂದೆ ಹೋದ್ರೆ ಬಯಲೈತೆ, ಬಯಲಾಗೆ ಬಂಡೆ ಮರೆ ಐತೆ. ನಿನ್ನ ಶಾಲೇಲಿ ಏನೈತವ್ವಾ, ತೋರ್ಸು ಬಾ.”

ತೋರಿಸಲು ನನ್ನಲ್ಲಿರುವುದು ಮುದ್ರೆ ಬಿದ್ದ ಒಂದು ನೀಲಿ ಬಾಗಿಲು. ನೀವು ಹೆಣ್ಣುಮಕ್ಕಳ ಹಾಜರಾತಿ ಇಳಿಯಿತೆಂದು ಸಭೆ ಕರೆಯುತ್ತೀರಿ, ಜಾಥಾ ಮಾಡಿಸುತ್ತೀರಿ, ಬ್ಯಾನರ್ ಕಟ್ಟುತ್ತೀರಿ. ಆ ಬ್ಯಾನರಿನ ಬಟ್ಟೆಯನ್ನಾದರೂ ಕೊಟ್ಟಿದ್ದರೆ ಹಳೆಯ ಗೋಡೆಗೆ ಪರದೆ ಕಟ್ಟಿಕೊಳ್ಳುತ್ತಿದ್ದರು ಹುಡುಗಿಯರು.

ನಿನ್ನೆ ಸಂಜೆ ಸ್ವಪ್ನ ದೊಡ್ಡಿಯ ಬಳಿ ಕೇಳಿದಳು: “ಅತ್ತಿಗೆ, ಇನ್ನೊಂದು ಓಟು ಯಾವಾಗ?” ಯಾಕೆಂದೆ. “ಬಾಗ್ಲು ತೆಗೀತಾರಲ್ಲ, ಆವತ್ತು ಬರ್ತೀನಿ” ಎಂದಳು. ಪ್ರಜಾಪ್ರಭುತ್ವದಲ್ಲಿ ಇಷ್ಟೊಂದು ನಂಬಿಕೆ ಇಟ್ಟಿರುವ ಇನ್ನೊಬ್ಬ ಪ್ರಜೆ ನಿಮಗೆ ಈ ತಾಲ್ಲೂಕಿನಲ್ಲಿ ಸಿಗಲಾರಳು.

ಆದ್ದರಿಂದ ನನ್ನ ಒತ್ತಾಯ ಇದು. ಮತದಾನಕ್ಕೆಂದು ಶಾಲೆಗೆ ತಂದದ್ದು ಶಾಲೆಯಲ್ಲೇ ಉಳಿಯಲಿ. ಮತದಾರನಿಗೆ ಒಂದು ದಿನಕ್ಕೆ ಬೇಕಾದದ್ದು ಮಗುವಿಗೆ ವರ್ಷವಿಡೀ ಬೇಕು. ಓಟು ನಡೆಯಲಿ, ನಡೆಯದಿರಲಿ, ಹಟ್ಟಿ ಒಗ್ಗಟ್ಟಾಗಿರಲಿ, ಕಿತ್ತಾಡಲಿ, ಬಾಗಿಲಿಗೂ ಅದಕ್ಕೂ ಸಂಬಂಧ ಇರಬಾರದು. ಇವನ್ನೆಲ್ಲ ನೀವು ಮೇಲಿನವರಿಗೆ ಬರೆದು, ಅವರು ಇನ್ನೂ ಮೇಲಿನವರಿಗೆ ಬರೆಯುವ ಹೊತ್ತಿಗೆ ಸ್ವಪ್ನಳಿಗೂ ಮದುವೆಯಾಗಿರುತ್ತದೆ. ಅದಕ್ಕೆ ಮೊದಲು ಬೀಗ. ಬರುವ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ನೀವು ಬಂದು ಮುದ್ರೆ ಬಿಚ್ಚಿ. ಬಾರದಿದ್ದರೆ ಮಕ್ಕಳೆಲ್ಲರ ಎದುರು ನಾನೇ ಒಡೆಯುತ್ತೇನೆ. ಅದು ಅಪರಾಧವಾದರೆ ನನ್ನ ಮೇಲೆ ಹಾಕಿ. ಮೇಷ್ಟ್ರ ಮೇಲೆ ಬೇಡ, ಹಟ್ಟಿಯ ಮೇಲೆ ಬೇಡ.

ಇಷ್ಟು ಬರೆದು ಮನೆಯವರೆಲ್ಲರ ಮುಂದೆ ಓದಿದೆ. ಅವರಿಗೆ ಹೇಳದೆ ಮಾಡುವುದು ಒಂದು ಸಲ ಸಾಕು. ಅತ್ತೆ ಒಲೆಯ ಕಡೆ ತಿರುಗಿದರು. ನಮ್ಮವರ ಮುಖ ಬಾಡಿತ್ತು. “ಏನ್ ತಗೊಂಡು ಒಡೀತೀಯಾ?” ಎಂದರು. ಕಲ್ಲು ತಗೊಂಡು ಎಂದೆ. ಬಾಗಿಲಲ್ಲಿ ಕೂತಿದ್ದ ಮಾವ ಎದ್ದು ಹೆಗಲ ಮೇಲೆ ಕಂಬಳಿ ಹಾಕಿಕೊಂಡರು. ಬೆಕ್ಕು ಅಲ್ಲೇ ಇತ್ತು. ಅದರ ಕಡೆ ಅವರು ನೋಡಲಿಲ್ಲ.

“ಕಲ್ಲಲ್ಲಿ ಹೊಡೆದ್ರೆ ಕೈ ಜಜ್ಜೋಗ್ತದೆ ಕಣವ್ವಾ” ಎಂದರು. “ಹಾರೆ ನಾನು ತರ್ತೀನಿ.”

ಇಂತಿ,
ಬಾಗಿಲಿಗಾಗಿ ನಿಂತು, ಓಟಿನಲ್ಲೂ ಸೋತು, ಬಾಗಿಲ ಹೊರಗೇ ಉಳಿದ ನಿಮ್ಮ ಮಾಜಿ ಅಭ್ಯರ್ಥಿ,
ಸೌಂದರ್ಯ ಹನುಮಂತರಾಯ